ಸುಗ್ಗಿಯ ಹಣ, ಮನೆಸಾಲದ ಅಸಲು

ಮನೆಯನ್ನು ಅಡಮಾನವಿಟ್ಟು ಪಡೆಯುವ ಬ್ಯಾಂಕಿನ ಸಾಲವು ಪ್ರತಿ ತಿಂಗಳು ಗೊತ್ತಾದ ದಿನ ಸಂಬಳ ಕೈಸೇರುವವರನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡ ವ್ಯವಸ್ಥೆಯಾದ್ದರಿಂದ, ಯಾದಗಿರಿ ಜಿಲ್ಲೆಯ ಕೊಂಕಲ್ ಸುತ್ತಿನ ಹಳ್ಳಿಗಳಲ್ಲಿ ಆದಾಯ ಬರುವ ರೀತಿಗೆ ಅದು ಸಲೀಸಾಗಿ ಹೊಂದಿಕೊಳ್ಳುವುದಿಲ್ಲ. ಮಳೆಯನ್ನೇ ನಂಬಿದ ಹೊಲದ ಹೆಸರುಕಾಳು ಮುಂಗಾರಿನ ಕೊನೆಗೆ, ಹತ್ತಿ ಮತ್ತು ತೊಗರಿ ಚಳಿಗಾಲಕ್ಕೆ, ಶಹಾಪುರ ಹಾಗೂ ಸುರಪುರಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತ ಸುಗ್ಗಿಗೆ ಹಣವಾಗಿ ಬರುತ್ತವೆ. ಉಳಿದ ತಿಂಗಳುಗಳನ್ನು ಕೂಲಿಯೋ, ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋದವರು ಕಳಿಸುವ ಹಣವೋ ಸಾಗಿಸಬೇಕು. ಹೀಗಿದ್ದೂ ಕಡಿಮೆ ಆದಾಯದ ಕುಟುಂಬವು ಇಂತಹ ಸಾಲವನ್ನು ಅವಧಿಗೆ ಮುನ್ನವೇ ತೀರಿಸಲು ಸಾಧ್ಯವಿದೆ. ಅದಕ್ಕೆ ಕಟ್ಟುವ ಮೊತ್ತ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದನ್ನು ಸಾಲದ ಯಾವ ವರ್ಷದಲ್ಲಿ ಕಟ್ಟಲಾಯಿತು ಎಂಬುದು ಹೆಚ್ಚು ಮುಖ್ಯ.

ಈ ಮಾತು ಅರ್ಥವಾಗಬೇಕಾದರೆ ಜನ ಇಎಂಐ ಎಂದು ಕರೆಯುವ ಮಾಸಿಕ ಸಮಾನ ಕಂತಿನ ಒಳಲೆಕ್ಕವನ್ನು ನೋಡಬೇಕು. ಪ್ರತಿ ಕಂತಿನಲ್ಲಿ ಮೊದಲು ಆ ತಿಂಗಳ ಬಡ್ಡಿಯನ್ನು ಮುರಿದುಕೊಂಡು, ಮಿಕ್ಕದ್ದನ್ನು ಮಾತ್ರ ಅಸಲಿಗೆ, ಅಂದರೆ ಪಡೆದ ಮೂಲ ಮೊತ್ತಕ್ಕೆ, ಜಮೆ ಮಾಡಲಾಗುತ್ತದೆ. ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ 8 ಲಕ್ಷ ರೂಪಾಯಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 7,198 ರೂಪಾಯಿ ಆಗುತ್ತದೆ. ಮೊದಲ ಕಂತಿನಲ್ಲಿ 6,000 ರೂಪಾಯಿ ಬಡ್ಡಿಗೇ ಹೋಗಿ, ಅಸಲಿನಲ್ಲಿ ಇಳಿಯುವುದು 1,198 ರೂಪಾಯಿ ಮಾತ್ರ. ಐದು ವರ್ಷ ಒಂದು ಕಂತನ್ನೂ ತಪ್ಪಿಸದೆ ಸುಮಾರು 4.32 ಲಕ್ಷ ರೂಪಾಯಿ ಕಟ್ಟಿದ ಮೇಲೂ ಅಸಲು ಇಳಿದಿರುವುದು 90 ಸಾವಿರದಷ್ಟೇ, ಮತ್ತು ಅಸಲಿನ ಅರ್ಧ ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತವೆ. ಇದರಲ್ಲಿ ಮೋಸವೇನೂ ಇಲ್ಲ. ಬಾಕಿ ದೊಡ್ಡದಿರುವಾಗ ಬಡ್ಡಿಯೂ ದೊಡ್ಡದಾಗಿರುತ್ತದೆ. ಆದರೆ ಸಾಲ ಪಡೆಯುವ ಹೊತ್ತಿನಲ್ಲಿ ಈ ಲೆಕ್ಕವನ್ನು ಕುಟುಂಬಕ್ಕೆ ಬಿಡಿಸಿ ಹೇಳದಿರುವುದು ಮಾತ್ರ ಅನ್ಯಾಯವೇ.

ಕಂತಿನ ಹೊರತಾಗಿ ಕಟ್ಟುವ ಹಣವು ಪೂರ್ತಿಯಾಗಿ ಅಸಲಿಗೇ ಸೇರುವುದರಿಂದ ಅದರ ಬಲ ಬೇರೆ. ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಗೆ ಒಂದೇ ಒಂದು ಬಾರಿ 10,000 ರೂಪಾಯಿ ಹೆಚ್ಚುವರಿ ಕಟ್ಟಿದರೆ ಮುಂದಿನ ಬಡ್ಡಿಯಲ್ಲಿ 43 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಅದೇ ಹಣವನ್ನು ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಐದೂವರೆ ಸಾವಿರದ ಆಸುಪಾಸು. ತೊಗರಿ ಮಾರಿದ ಬಳಿಕ ವರ್ಷಕ್ಕೊಮ್ಮೆ 10,000 ರೂಪಾಯಿಯನ್ನು ತಪ್ಪದೆ ಅಸಲಿಗೆ ಜಮೆ ಮಾಡುತ್ತ ಬಂದರೆ ಸಾಲವು ಹದಿನೈದೂವರೆ ವರ್ಷದಲ್ಲಿ ಮುಗಿದು, ಒಟ್ಟು ಬಡ್ಡಿಯಲ್ಲಿ 2.3 ಲಕ್ಷಕ್ಕಿಂತ ಹೆಚ್ಚು ಉಳಿತಾಯವಾಗುತ್ತದೆ. ತಿಂಗಳಿಗೆ 500 ರೂಪಾಯಿ ಮಾತ್ರ ಹೆಚ್ಚು ಕಟ್ಟಲು ಸಾಧ್ಯವಿರುವವರಿಗೂ ಮೂರು ವರ್ಷಕ್ಕಿಂತ ಹೆಚ್ಚಿನ ಕಂತುಗಳು ತಪ್ಪುತ್ತವೆ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ಬರುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿಯ ಒಂದು ಪಾಲನ್ನು ಇದಕ್ಕೆ ಬಳಸಬಹುದಾದರೂ, ಆ ಹಣ ಆಕೆಯದಾದ್ದರಿಂದ ನಿರ್ಧಾರವೂ ಆಕೆಯದೇ ಆಗಬೇಕು.

ಅವಧಿಗೆ ಮುನ್ನ ಹಣ ಕಟ್ಟಿದರೆ ದಂಡ ಬೀಳುತ್ತದೆ ಎಂಬ ಭಯ ಹಲವರಲ್ಲಿ ಇನ್ನೂ ಇದೆ. ಬದಲಾಗುವ ಬಡ್ಡಿದರದ ಮನೆಸಾಲಗಳ ಮೇಲೆ ಬ್ಯಾಂಕುಗಳು ಇಂತಹ ಶುಲ್ಕ ವಿಧಿಸುವುದನ್ನು ಭಾರತೀಯ ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ನಿಷೇಧಿಸಿತು. ಸ್ಥಿರ ಬಡ್ಡಿಯ ಸಾಲವಾಗಿದ್ದರೆ ಮಾತ್ರ ಮಂಜೂರಾತಿ ಪತ್ರದ ಷರತ್ತನ್ನು ಓದಿಸಿ ತಿಳಿಯಬೇಕು. ಹೆಚ್ಚುವರಿ ಹಣ ಕಟ್ಟುವಾಗ ಅದನ್ನು ಮುಂದಿನ ಕಂತುಗಳಿಗೆ ಮುಂಗಡವೆಂದು ಇಟ್ಟುಕೊಳ್ಳದೆ ಅಸಲಿಗೇ ಜಮೆ ಮಾಡಬೇಕೆಂದೂ, ಕಂತನ್ನು ಹಾಗೆಯೇ ಉಳಿಸಿ ಅವಧಿಯನ್ನು ಇಳಿಸಬೇಕೆಂದೂ ಲಿಖಿತವಾಗಿ ಕೇಳಿ, ಹೊಸ ಬಾಕಿಯ ವಿವರವನ್ನು ಪಡೆಯುವುದು ಅಗತ್ಯ. ಬಡ್ಡಿದರ ಇಳಿದಾಗಲೂ ಇದೇ ಕ್ರಮ ಸಲ್ಲುತ್ತದೆ: ರೆಪೊ ದರವು, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ದರವು, 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಶೇ. 6.50ರಿಂದ 5.50ಕ್ಕೆ ಇಳಿದಾಗ ಹಳೆಯ ಕಂತನ್ನೇ ಕಟ್ಟುತ್ತ ಹೋದವರ ಸಾಲದ ಅವಧಿ ಹೆಚ್ಚುವರಿ ದುಡ್ಡಿಲ್ಲದೆಯೇ ಕುಗ್ಗಿತು.

ಇಷ್ಟೆಲ್ಲ ಲಾಭವಿದ್ದರೂ ಮನೆಸಾಲವನ್ನೇ ಮೊದಲು ತೀರಿಸಹೊರಡುವುದು ಬಡ ಕುಟುಂಬಕ್ಕೆ ಹಲವು ಬಾರಿ ನಷ್ಟದ ದಾರಿಯಾಗುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಗಡವೆಂದರೆ ವರ್ಷಕ್ಕೆ ಶೇ. 36, ಅದು ಬೆಳೆಯುತ್ತಿರುವಾಗ ಶೇ. 9ರ ಸಾಲಕ್ಕೆ ಸುಗ್ಗಿಯ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಸಹಕಾರ ಸಂಘದ ಬೆಳೆಸಾಲದ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ರಾಜ್ಯದಲ್ಲಿ ಅದು ಗೊತ್ತಾದ ಮಿತಿಯೊಳಗೆ ಬಡ್ಡಿರಹಿತವಾಗಿರುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರವಾದ್ದರಿಂದ, ಆ ಮರುಪಾವತಿಯ ಹಣವನ್ನು ಮನೆಸಾಲಕ್ಕೆ ತಿರುಗಿಸಿ ಗಡುವು ತಪ್ಪಿಸಿಕೊಂಡ ರೈತ ಬಿಟ್ಟಿ ಸಾಲವೊಂದನ್ನು ಕೈಯಾರೆ ಬಡ್ಡಿಯ ಸಾಲವಾಗಿಸಿಕೊಳ್ಳುತ್ತಾನೆ. ಮಳೆ ಕೈಕೊಟ್ಟ ವರ್ಷಕ್ಕಾಗಿ ಕೆಲವು ತಿಂಗಳ ಕಂತು ಮತ್ತು ಊಟದ ಖರ್ಚಿನಷ್ಟು ಹಣವನ್ನೂ ಮೊದಲು ಬದಿಗಿಡಬೇಕು, ಏಕೆಂದರೆ ಅಸಲಿಗೆ ಕಟ್ಟಿದ ಹಣವನ್ನು ಸಾಮಾನ್ಯ ಮನೆಸಾಲದಲ್ಲಿ ಹಿಂದಕ್ಕೆ ಪಡೆಯಲಾಗುವುದಿಲ್ಲ, ಆಸ್ಪತ್ರೆಯ ಖರ್ಚು ಎದುರಾದಾಗ ಮತ್ತೆ ಕೈಗಡದ ಬಾಗಿಲಿಗೇ ಹೋಗಬೇಕಾಗುತ್ತದೆ.

ಹೊಲವನ್ನು ಭೋಗ್ಯಕ್ಕೆ ಹಾಕಿ ಮನೆ ಕಟ್ಟಿಕೊಂಡವರ ಸ್ಥಿತಿ ಬೇರೆಯೇ. ಭೋಗ್ಯವೆಂಬುದು ಸಾಲ ಕೊಟ್ಟವನು ಜಮೀನನ್ನು ತನ್ನ ಸ್ವಾಧೀನಕ್ಕೆ ಪಡೆದು, ಬಡ್ಡಿಯ ಬದಲು ಅದರ ಬೆಳೆಯನ್ನು ಉಣ್ಣುವ ಅಡಮಾನ. ಅಸಲು ವರ್ಷಗಟ್ಟಲೆ ಕದಲದೆ ನಿಂತಿರುವ ಇಂತಹ ಒಪ್ಪಂದದಲ್ಲಿ ಅಷ್ಟಿಷ್ಟು ಕಟ್ಟಿದರೆ ಹೊಲದ ತುಂಡೂ ಮರಳುವುದಿಲ್ಲವಾದ್ದರಿಂದ, ಪೂರ್ತಿ ಮೊತ್ತ ಕೂಡುವ ತನಕ ಹಣವನ್ನು ಬೇರೆ ಖಾತೆಯಲ್ಲಿ ಕೂಡಿಡುವುದೇ ದಾರಿ. ಅಡಮಾನವಿಟ್ಟವನು ಸಾಲದ ಗಡುವು ಬಂದ ಬಳಿಕ ಹಣ ಸಲ್ಲಿಸಿ ತನ್ನ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಮು ಕೊಡುತ್ತದೆ. ಆದರೆ ಬಾಯಿಮಾತಿನಲ್ಲೋ ಬಿಳಿಹಾಳೆಯಲ್ಲೋ ನಡೆದ ವ್ಯವಹಾರದಲ್ಲಿ ಆ ಹಕ್ಕನ್ನು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ.

ಬ್ಯಾಂಕಿನ ಸಾಲ ಪೂರ್ತಿ ತೀರಿದ ದಿನ ಕೆಲಸ ಮುಗಿಯುವುದಿಲ್ಲ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಆದೇಶದಂತೆ, ಆ ವರ್ಷದ ಡಿಸೆಂಬರ್ 1ರಿಂದ, ಮೂಲ ದಾಖಲೆಗಳನ್ನು 30 ದಿನದೊಳಗೆ ಮರಳಿಸಬೇಕು. ತನ್ನ ಕಡೆಯಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು, ಮತ್ತು ಈ ನಿಯಮ ಗ್ರಾಮೀಣ ಹಾಗೂ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿ, ಮತ್ತೆರಡು ವಿಲೀನಗಳ ಬಳಿಕ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿರುವುದರಿಂದ, ಕಾಗದದ ಮೇಲೆ ಹಳೆಯ ಹೆಸರಿರುವವರು ಬಾಕಿಯಿಲ್ಲದ ಪ್ರಮಾಣಪತ್ರವನ್ನು ಈಗಿನ ಹೆಸರಿನಲ್ಲಿಯೇ ಪಡೆಯಬೇಕು. ಅಡಮಾನ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಬಿಡುಗಡೆ ಪತ್ರ ಮಾಡಿಸಿ, ಹೊಲದ ಮೇಲೆ ಸಾಲವಿದ್ದರೆ ಪಹಣಿಯಲ್ಲಿ ನಮೂದಾದ ಬೋಜಾವನ್ನು, ಅಂದರೆ ಸಾಲದ ಹೊರೆಯನ್ನು, ತೆಗೆಸಿ, ಕೆಲವು ವಾರಗಳ ನಂತರ ಋಣಭಾರ ಪ್ರಮಾಣಪತ್ರವನ್ನೂ ಪಹಣಿಯನ್ನೂ ಹೊಸದಾಗಿ ತೆಗೆಸಿ ನೋಡಬೇಕು. ಹಳೆಯ ಸಾಲದ ನಮೂದು ಅಳಿಸದೆ ಉಳಿದರೆ ಮುಂದೆ ಆಸ್ತಿಯ ಪಾಲು ಮಾಡುವಾಗಲೋ ಬೆಳೆಸಾಲ ಕೇಳುವಾಗಲೋ ಅದು ಅಡ್ಡ ಬರುತ್ತದೆ.