ಗಂಜಿ ಬಿಟ್ಟರೂ ತೂಕ ನಿಂತದ್ದೇಕೆ?

ನಮ್ಮ ಹಾಲಾಡಿ ಕಡೆಯವರಿಗೆ ಕುಚ್ಚಲಕ್ಕಿ ಗಂಜಿ ಬಿಡುವುದು ಸಣ್ಣ ತ್ಯಾಗವಲ್ಲ. ಕೀಟೋ ಪಥ್ಯಕ್ಕಾಗಿ ಅದನ್ನೂ ಬಿಟ್ಟು ಮೀನು, ಮೊಟ್ಟೆ, ತೆಂಗಿನೆಣ್ಣೆ ಹಿಡಿದರೆ ಮೊದಲ ವಾರಗಳಲ್ಲಿ ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ತಪ್ಪನ್ನು ಇನ್ಸುಲಿನ್ ಮೇಲೆ ಹೊರಿಸುತ್ತೇವೆ.

ಅನ್ನ ಕಡಿಮೆಯಾದಾಗ ಇನ್ಸುಲಿನ್ ತಗ್ಗಿ ಕೊಬ್ಬಿನ ಕಣಜ ತೆರೆಯುವುದು ನಿಜ. ಆದರೆ ಮೊದಲು ಇಳಿದದ್ದು ಹೆಚ್ಚಾಗಿ ನೀರು. 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 17 ಮಂದಿಗೆ ಅಷ್ಟೇ ಕ್ಯಾಲೊರಿಯ ಕೀಟೋ ಊಟ ಕೊಟ್ಟರು. ಇನ್ಸುಲಿನ್ ಇಳಿಯಿತು, ಕೊಬ್ಬು ಕರಗುವ ವೇಗ ಹೆಚ್ಚಲಿಲ್ಲ. ಇಳಿದ ದೇಹಕ್ಕೆ ಕಡಿಮೆ ಊಟ ಸಾಕು. ನಾವೋ ಎಣ್ಣೆಗೆ ಲೆಕ್ಕವಿಡುವುದಿಲ್ಲ! ತಿಂದ ಕೊಬ್ಬೇ ಉರಿದು, ಕಣಜದ್ದು ಉಳಿಯುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ವೈದ್ಯರನ್ನು ಕೇಳದೆ ಈ ಪಥ್ಯ ಹಿಡಿಯಬಾರದು: ಅದೇ ಪ್ರಮಾಣದ ಮದ್ದಿನಿಂದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ತೂಕ ಇಳಿಯಲೆಂದು ಮದ್ದನ್ನೇ ಬಿಟ್ಟರೆ ರಕ್ತದಲ್ಲಿ ಆಮ್ಲವೇರಿ ಪ್ರಾಣಕ್ಕೇ ಕುತ್ತು.