ಹಳೆಯ ಪ್ರಿಂಟರಿಗೆ ಹೊಸ ಒಡೆಯ

ತುಕ್ಕಾನಟ್ಟಿಯಂತಹ ನಮ್ಮ ಗೋಕಾಕ ಸೀಮೆಯ ಊರುಗಳಲ್ಲಿ ಈಗ ಹೊಲದ ಉತಾರವೂ ಮಕ್ಕಳ ಪರೀಕ್ಷೆಯ ಪ್ರವೇಶಪತ್ರವೂ ಕಂಪ್ಯೂಟರಿನ ಮೂಲಕವೇ ದೊರೆಯತಕ್ಕವು. ಆದಕಾರಣ ಒಂದು ಹಳೆಯ ಪ್ರಿಂಟರು ಸಹ ಸಂಸಾರಕ್ಕೆ ಬೇಕಾದ ವಸ್ತುವಾಗಿದೆ. 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅವುಗಳಿಗೆ ಬೆಲೆಯಿಲ್ಲದೆ ಸಿಕ್ಕುವ ಲಿನಕ್ಸನ್ನು ಹಾಕಿಕೊಳ್ಳಿರೆಂದು ಬಲ್ಲವರು ಹೇಳುವರು. ಸಲಹೆಯೇನೋ ಒಳ್ಳೆಯದೇ. ಆದರೆ ಮರುದಿನವೇ ಪ್ರಿಂಟರು ಮೂಕವಾದರೆ ಗೃಹಸ್ಥನು ಮಾಡತಕ್ಕದ್ದೇನು?

ಕೀಲಿಮಣೆ, ಮೌಸುಗಳ ವಿಷಯದಲ್ಲಿ ಚಿಂತೆಯಿಲ್ಲ. ಅವು ಎಲ್ಲ ವ್ಯವಸ್ಥೆಗಳಿಗೂ ತಿಳಿಯುವ ಒಂದೇ ಮಾತನ್ನಾಡುವುವು. ‘ನುಡಿ’ಯ ಕೀಲಿವಿನ್ಯಾಸಕ್ಕೆ ಕೈ ಪಳಗಿದವರಿಗೆ ‘ಕಗಪ’ ಎಂಬ ಹೆಸರಿನಿಂದ ಅದು ಲಿನಕ್ಸಿನಲ್ಲಿಯೂ ಇದೆ.

ಪ್ರಿಂಟರಿನ ಸಂಗತಿ ಬೇರೆ. ಕೆಲವು ಪ್ರಿಂಟರುಗಳು ಪುಟವನ್ನು ತಾವೇ ಅರ್ಥಮಾಡಿಕೊಂಡು ಅಚ್ಚುಹಾಕುವುವು. ಅಗ್ಗದವು ಆ ಯೋಚನೆಯ ಭಾರವನ್ನೆಲ್ಲ ಕಂಪ್ಯೂಟರಿನ ತಲೆಗೆ ಕಟ್ಟುವುವು. ಎಚ್‌ಪಿ ಲೇಸರ್‌ಜೆಟ್ 1020 ಈ ಎರಡನೆಯ ಜಾತಿಯದು. ಅದನ್ನು ಚಾಲೂ ಮಾಡಿದಾಗಲೆಲ್ಲ ಕಂಪ್ಯೂಟರು ‘ಫರ್ಮ್‌ವೇರ್’ ಎಂಬ ಪಾಠವನ್ನು ಅದಕ್ಕೆ ಹೇಳಿಕೊಡಬೇಕು. ವಿದ್ಯುತ್ತು ಹೋದೊಡನೆ ಕಲಿತದ್ದೆಲ್ಲ ಮರೆತುಹೋಗುವುದು. (ನಮ್ಮ ಹಳ್ಳಿಗಳಲ್ಲಿ ಈ ಶಿಷ್ಯನು ದಿನಕ್ಕೆಷ್ಟು ಸಲ ಮರೆಯುವನೆಂಬುದನ್ನು ವಾಚಕರೇ ಊಹಿಸಬಹುದು.) ವಿಂಡೋಸಿನ ಡ್ರೈವರು ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದುದರಿಂದ ಪ್ರಿಂಟರು ವಿಂಡೋಸಿನದೇ ಎಂಬ ಭ್ರಾಂತಿ ಹುಟ್ಟಿತು. ಯಂತ್ರದಲ್ಲಿ ಅಂತಹ ಕಟ್ಟೇನೂ ಇಲ್ಲ. ಆ ಪಾಠವನ್ನು ಹೇಳಬಲ್ಲವರಿದ್ದರೆ ಸಾಕು. ರಿಕ್ ರಿಚರ್ಡ್ಸನ್ ಎಂಬವರು ಇಂತಹ ಪ್ರಿಂಟರುಗಳಿಗಾಗಿ ‘ಫೂ2ಝಡ್‌ಜೆಎಸ್’ ಎಂಬ ಡ್ರೈವರನ್ನು ರಚಿಸಿ ಸರ್ವರಿಗೂ ಧಾರಾಳವಾಗಿ ಕೊಟ್ಟರು. ತಯಾರಕರ ಕಡೆಯಿಂದಲೂ ಲಿನಕ್ಸಿಗೆ ‘ಎಚ್‌ಪಿಎಲ್‌ಐಪಿ’ ಎಂಬ ತಂತ್ರಾಂಶವುಂಟು. ಉಬುಂಟು, ಮಿಂಟ್‌ಗಳಲ್ಲಿ ಸಾಮಾನ್ಯವಾಗಿ ಅದು ಮೊದಲೇ ಇರುವುದು. ಆದರೆ 1020ಕ್ಕೆ ಬೇಕಾದ ಪಾಠವು ಅದರೊಳಗೆ ಬರುವುದಿಲ್ಲ. ಅಂತರ್ಜಾಲದ ಸಂಪರ್ಕವಿಟ್ಟುಕೊಂಡು, ಟರ್ಮಿನಲ್ಲಿನಲ್ಲಿ ಎಚ್‌ಪಿ, ಅಡ್ಡಗೆರೆ, ಪ್ಲಗಿನ್ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಅದನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು. ಪ್ರಿಂಟರು ಕಾಣಿಸುತ್ತಿದ್ದರೂ ಕಾಗದ ಹೊರಬರಲಿಲ್ಲವೆಂದು ಯಂತ್ರವನ್ನೇ ಮೂಲೆಗೆ ಹಾಕುವವರು ಮೊದಲು ಇದನ್ನು ನೋಡತಕ್ಕದ್ದು.

ಕ್ಯಾನನ್ ಎಲ್‌ಬಿಪಿ 2900 ಉಳ್ಳವರ ದಾರಿಯು ಇನ್ನೂ ಕಷ್ಟದ್ದು. ಅದರ ‘ಕ್ಯಾಪ್ಟ್’ ಭಾಷೆಗೆ ಲಿನಕ್ಸಿನ ಡ್ರೈವರು ಉಂಟಾದರೂ, ಇಂದಿನ ವ್ಯವಸ್ಥೆಗಳಲ್ಲಿ ಅದನ್ನು ಕೂಡಿಸಲು ತಾಳ್ಮೆ ಬೇಕು. ಹೊಸತಾಗಿ ಕೊಳ್ಳುವವರು ‘ಏರ್‌ಪ್ರಿಂಟ್’ ಅಥವಾ ‘ಐಪಿಪಿ ಎವ್ರಿವೇರ್’ ಉಂಟೇ ಎಂದು ಅಂಗಡಿಯವರನ್ನು ಕೇಳುವುದು ಲೇಸು. ಅಂಥವಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರು ಬೇಕಾಗದು.

ಏನೇ ಆದರೂ ಹಳೆಯ ವಿಂಡೋಸನ್ನು ಆತುರದಿಂದ ಅಳಿಸಬಾರದು. ಬರಿದಾದ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸನ್ನು ತುಂಬಿ, ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ, ‘ಪರೀಕ್ಷಿಸಿ ನೋಡು’ ಎಂಬರ್ಥದ ಆಯ್ಕೆಯನ್ನೇ ಒತ್ತಿ, ಉತಾರದ ಒಂದು ಪ್ರತಿಯನ್ನು ಮುದ್ರಿಸಿ ನೋಡಬೇಕು. ಅಕ್ಷರಗಳು ಸರಿಯಾಗಿ ಮೂಡಿದ ಮೇಲೆಯೇ ಮುಂದಿನ ಮಾತು.