ರಿಪೋರ್ಟ್ ನಾರ್ಮಲ್, ಕಾಲು ಮಾತ್ರ ಏಳುತ್ತಿಲ್ಲ

ಡಬ್ಲಿನ್ನಿನ ಗ್ರೇಂಜ್‌ಗಾರ್ಮನ್‌ನಲ್ಲಿ 1916ರ ಜೂನ್‌ನಲ್ಲಿ 32 ಹಾಸಿಗೆಗಳ ಆಸ್ಪತ್ರೆಯೊಂದು ಶುರುವಾಯಿತು. ಹೆಸರು ರಿಚ್ಮಂಡ್ ವಾರ್ ಹಾಸ್ಪಿಟಲ್. ಮೊದಲ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ಗೆ ಗುರಿಯಾದ ಸೈನಿಕರಿಗೆಂದೇ ಇದ್ದ ಜಾಗ. ಆ ಕಾಯಿಲೆ ವೈದ್ಯರನ್ನೇ ಕಂಗೆಡಿಸಿತ್ತು. ಮೈಮೇಲೆ ಗುಂಡೇಟಿಲ್ಲದ ಸೈನಿಕರ ಕೈಕಾಲು ನಡುಗುತ್ತಿದ್ದವು. ಕೆಲವರ ಮಾತು ನಿಂತಿತ್ತು, ಕೆಲವರಿಗೆ ಹೆಜ್ಜೆ ಇಡಲಾಗುತ್ತಿರಲಿಲ್ಲ. ಯುದ್ಧಕ್ಕೆ ಹೆದರಿ ಹೂಡಿದ ಆಟ ಇದು ಎಂಬ ಗುಮಾನಿಯೂ ಅವರ ಬೆನ್ನು ಹತ್ತಿತ್ತು. 1919ರ ಡಿಸೆಂಬರ್‌ನಲ್ಲಿ ಮುಚ್ಚುವ ಹೊತ್ತಿಗೆ ಈ ಆಸ್ಪತ್ರೆ 362 ಸೈನಿಕರಿಗೆ ಚಿಕಿತ್ಸೆ ಕೊಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಗುಣವಾಗಿ ಹೊರಬಿದ್ದರೆಂದು ದಾಖಲೆಗಳು ಹೇಳುತ್ತವೆ.

ಯುದ್ಧ ಮುಗಿದರೂ ಸಮಸ್ಯೆ ಮುಗಿಯಲಿಲ್ಲ.

ಅದೇ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 1991ರಲ್ಲಿ ವೈದ್ಯ ಪದವಿ ಪಡೆದ ಸುಝೇನ್ ಓ’ಸಲ್ಲಿವನ್ ಮುಂದೆ ಲಂಡನ್ನಿನಲ್ಲಿ ನರರೋಗ ತಜ್ಞೆಯಾದರು. ಅವರದು ಮೂರ್ಛೆರೋಗದ ವಿಭಾಗ. ಎಷ್ಟು ಮಾತ್ರೆ ನುಂಗಿದರೂ ಫಿಟ್ಸ್ ನಿಲ್ಲುತ್ತಿಲ್ಲವೆಂದು ಅವರ ಬಳಿ ಬರುವವರಲ್ಲಿ ಹಲವರಿಗೆ ಮೂರ್ಛೆರೋಗವೇ ಇರುವುದಿಲ್ಲ. ಇಂಥ ರೋಗಿಗಳನ್ನು ಕುರಿತು ಅವರು 2015ರಲ್ಲಿ ಬರೆದ ‘ಇಟ್ಸ್ ಆಲ್ ಇನ್ ಯುವರ್ ಹೆಡ್’ ಪುಸ್ತಕಕ್ಕೆ ಮರುವರ್ಷ ವೆಲ್‌ಕಮ್ ಪುಸ್ತಕ ಪ್ರಶಸ್ತಿ ಬಂತು. ಪುಸ್ತಕದ ವಾದ ನೇರವಾದದ್ದು: ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗಿಯ ಸಂಕಟ ಸುಳ್ಳಲ್ಲ.

ಇದು ಅಪರೂಪದ ಸಂಗತಿಯೂ ಅಲ್ಲ. ಲಂಡನ್ನಿನ ಆಸ್ಪತ್ರೆಗಳ ಏಳು ವಿಭಾಗಗಳ ಹೊರರೋಗಿಗಳನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಅರ್ಧದಷ್ಟು ಜನರ ತೊಂದರೆಗೆ ಪರೀಕ್ಷೆಗಳಲ್ಲಿ ತಕ್ಕ ಕಾರಣ ಸಿಕ್ಕಿರಲಿಲ್ಲ. ಎದೆನೋವು, ಹೊಟ್ಟೆನೋವು, ತಲೆಸುತ್ತು, ಸುಸ್ತು, ಕೀಲುನೋವು ಎಲ್ಲವೂ ಈ ಪಟ್ಟಿಗೆ ಸೇರುತ್ತವೆ.

ಹಾಗಿದ್ದರೆ ವೈದ್ಯರು ಇದನ್ನು ಗುರುತಿಸುವುದು ಹೇಗೆ? ಬೇರೆ ಯಾವ ರೋಗವೂ ಇಲ್ಲವೆಂದು ಕೈತೊಳೆದುಕೊಂಡು ಅಲ್ಲ. ಅಮೆರಿಕದ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮಲಗಿದ ರೋಗಿಗೆ ಸೋತ ಕಾಲನ್ನು ಕೆಳಕ್ಕೆ ಒತ್ತಲು ಹೇಳಿದರೆ ಆಗುವುದಿಲ್ಲ. ಅದರ ಹಿಮ್ಮಡಿಯ ಕೆಳಗೆ ವೈದ್ಯರು ಅಂಗೈ ಇಟ್ಟು, ಇನ್ನೊಂದು ಕಾಲನ್ನು ಬಲವಾಗಿ ಎತ್ತಲು ಹೇಳುತ್ತಾರೆ. ಆಗ ‘ಬಿದ್ದುಹೋದ’ ಕಾಲು ತಾನಾಗಿಯೇ ಅಂಗೈಯನ್ನು ಒತ್ತುತ್ತದೆ. ಅಂದರೆ ನರಗಳ ದಾರಿ ಕಡಿದಿಲ್ಲ. ಬೇಕೆಂದಾಗ ಅದನ್ನು ಬಳಸುವುದು ಮಿದುಳಿಗೆ ಸಾಧ್ಯವಾಗುತ್ತಿಲ್ಲ. ಎಷ್ಟೋ ತಜ್ಞರು ಇದನ್ನು ರೋಗಿಗೇ ತೋರಿಸಿ, ಕಾಲಿನ ಶಕ್ತಿ ಹೋಗಿಲ್ಲವೆಂದು ಮನವರಿಕೆ ಮಾಡಿಕೊಡುತ್ತಾರೆ. ಆಮೇಲೆ ಫಿಸಿಯೋಥೆರಪಿ, ಅಗತ್ಯವಿದ್ದರೆ ಮಾತಿನ ಚಿಕಿತ್ಸೆ. ಫಿಟ್ಸ್ ವಿಷಯದಲ್ಲಾದರೆ ವಿಡಿಯೊ ಮತ್ತು ಇಇಜಿಯನ್ನು ಒಟ್ಟಿಗೇ ದಾಖಲಿಸಿ ನೋಡುತ್ತಾರೆ.

ರೋಗನಿರ್ಣಯ ತಪ್ಪಿದರೆ ಎಂಬ ಭಯ ಸಹಜ. ಹಿಂದಿನ ಅಧ್ಯಯನಗಳನ್ನೆಲ್ಲ ಕಲೆಹಾಕಿದ 2005ರ ವಿಮರ್ಶೆಯೊಂದು ಇದನ್ನೇ ಲೆಕ್ಕಹಾಕಿತು. 1950ರ ದಶಕದಲ್ಲಿ ಶೇ 29ರಷ್ಟಿದ್ದ ತಪ್ಪು, 1970ರಿಂದೀಚೆಗೆ ಶೇ 4ರ ಆಸುಪಾಸಿಗೆ ಇಳಿದಿದೆ. ತೀರಾ ಇಲ್ಲವೆನ್ನುವಂತಿಲ್ಲ, ಆದರೆ ಭಯಪಟ್ಟಷ್ಟೂ ಅಲ್ಲ.

ನಮ್ಮಲ್ಲೂ ಇದು ಹೊಸತೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳಲ್ಲಿ ನಡೆಸಿದ ಅಧ್ಯಯನದ ಒಂದು ಕೇಂದ್ರ ಬೆಂಗಳೂರು. ಖಿನ್ನತೆಯಿದ್ದವರ ಪೈಕಿ ಶೇ 69ರಷ್ಟು ಮಂದಿ ವೈದ್ಯರೆದುರು ಹೇಳಿಕೊಂಡದ್ದು ಮೈಯ ತೊಂದರೆಗಳನ್ನಷ್ಟೇ ಎಂದು ಅದರ ಮಾಹಿತಿಯಿಂದ 1999ರಲ್ಲಿ ಗೊತ್ತಾಯಿತು. ಹಾಗೆಂದು ಕಾರಣ ಕಾಣದ ಪ್ರತಿ ನೋವಿನ ಹಿಂದೆಯೂ ಖಿನ್ನತೆಯೇ ಇರಬೇಕೆಂದಿಲ್ಲ.

‘ಎಲ್ಲಾ ಟೆಸ್ಟ್ ಆಯ್ತು, ಏನೂ ಇಲ್ವಂತೆ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ‘ನಾಟಕ’ ಎಂದು ನೆಂಟರು ಪಿಸುಗುಡುತ್ತಾರೆ. ಊರೂರು ಅಲೆದು ಅದೇ ಸ್ಕ್ಯಾನ್ ಮತ್ತೆ ಮಾಡಿಸುವುದರಿಂದ ಖರ್ಚು ಬೆಳೆಯುತ್ತದೆಯೇ ಹೊರತು ಕಾಲು ಏಳುವುದಿಲ್ಲ. ‘ಏನು ಇಲ್ಲ ಅಂತ ಗೊತ್ತಾಯ್ತು ಡಾಕ್ಟ್ರೇ, ಏನು ಇದೆ ಹೇಳಿ; ಮುಂದೆ ಏನು ಮಾಡೋಣ?’ ಎಂದು ಕೇಳಿ. ವೈದ್ಯರು ಮನೋವೈದ್ಯರ ಬಳಿ ಕಳಿಸಿದರೆ ಅದನ್ನು ಅವಮಾನವೆಂದು ತಿಳಿಯದೆ ಹೋಗಿ ಬನ್ನಿ.